ವಯಸ್ಸಾದಂತೆ ಉದ್ದದ ಲೆನ್ಸನ್ನು ಕೈಯಲ್ಲೇ ಹಿಡಿದು ಚಿತ್ರ ತೆಗೆಯುವುದು ಹೇಗೆ?

ಕಾವೇರಿತೀರ:
ಎಲ್ಲರಿಗೂ ನಮಸ್ಕಾರ. ನಿಕಾನ್ ಡಿಎಕ್ಸ್ (ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ 200–500 ಎಂಎಂ ಲೆನ್ಸ್ ಹಾಕಿಕೊಂಡು ರಂಗನತಿಟ್ಟು, ಕೊಕ್ಕರೆಬೆಳ್ಳೂರುಗಳಲ್ಲಿ ಹಕ್ಕಿಗಳ ಚಿತ್ರ ತೆಗೆಯುವುದು ನನ್ನ ಬಹುಕಾಲದ ಹವ್ಯಾಸ. ಈಗ ನನಗೆ 67 ವರ್ಷ. ಹಿಂದೆ 1/400 ಸೆಕೆಂಡಿನ ಶಟರ್ ವೇಗದಲ್ಲಿ ಸ್ಪಷ್ಟವಾಗಿ ಬರುತ್ತಿದ್ದ ಚಿತ್ರಗಳು ಈಗ ಮಸುಕಾಗುತ್ತಿವೆ. ಗೂಡಿನಲ್ಲಿ ಅಲುಗಾಡದೆ ಕುಳಿತ ಹೆಜ್ಜಾರ್ಲೆಯ ಕಣ್ಣು ಕೂಡ ಎರಡಾಗಿ ಕಾಣುತ್ತದೆ. ದೋಣಿಯಲ್ಲಿ ಟ್ರೈಪಾಡ್ ಹೂಡಲು ಜಾಗವಿರುವುದಿಲ್ಲ. ಈ ಹವ್ಯಾಸವನ್ನು ಬಿಡಲು ಮನಸ್ಸಿಲ್ಲ. ಏನನ್ನು ಬದಲಿಸಿಕೊಳ್ಳಲಿ?

ಹಾಲಕ್ಕಿ:
ಸರ್, ಮೊದಲು ಶಟರ್ ವೇಗವನ್ನು ಬದಲಿಸಿ. 500 ಎಂಎಂಗೆ 1/500 ಸೆಕೆಂಡ್ ಸಾಕೆಂಬ ಹಳೆಯ ಲೆಕ್ಕ ಫಿಲ್ಮ್ ಕಾಲದ್ದು. ಚಿಕ್ಕದಾದ ಡಿಎಕ್ಸ್ ಸೆನ್ಸರು ದೃಶ್ಯವನ್ನು 1.5 ಪಟ್ಟು ಹಿಗ್ಗಿಸಿದಂತೆ ತೋರಿಸುವುದನ್ನೂ ಸೇರಿಸಿದರೆ ಅದೇ 1/750 ಆಗುತ್ತದೆ, ಅದೂ ಗಟ್ಟಿ ಕೈಯವರಿಗೆ. ನೀವು ಆಟೋ ಐಎಸ್ಒದಲ್ಲಿ (ಬೆಳಕಿಗೆ ಸೆನ್ಸರಿನ ಸಂವೇದನೆಯನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ) ಕನಿಷ್ಠ ಶಟರ್ ವೇಗವನ್ನು 1/1000 ಎಂದು ನಿಗದಿಪಡಿಸಿಬಿಡಿ. ಐಎಸ್ಒ 1600ಕ್ಕೋ 3200ಕ್ಕೋ ಏರಿದರೆ ಚಿತ್ರದಲ್ಲಿ ಬರುವ ಕಾಳುಕಾಳಾದ ಚುಕ್ಕೆಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ತಗ್ಗಿಸಬಹುದು, ಆದರೆ ಕೈ ಅದುರಿ ಮಸುಕಾದ ಕಣ್ಣನ್ನು ಸರಿಪಡಿಸುವುದು ಬಲು ಕಷ್ಟ. ಲೆನ್ಸಿನ ವಿಆರ್ ನಿಮ್ಮ ಕೈಯ ಅಲುಗಾಟವನ್ನಷ್ಟೇ ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ಹಾರುವ ಹಕ್ಕಿಗೆ 1/2000ದಷ್ಟು ವೇಗವಿದ್ದರೆ ಒಳ್ಳೆಯದು.

ಮರಕುಟಿಗ:
ಹಾಲಕ್ಕಿಯವರು ಹೇಳಿದ್ದು ಸರಿ, ಆದರೆ ಹಿಡಿಯುವ ಕ್ರಮವೂ ಅಷ್ಟೇ ಮುಖ್ಯವೆಂದು ನನ್ನ ಅಭಿಪ್ರಾಯ. ಎಡ ಅಂಗೈಯನ್ನು ಲೆನ್ಸಿನ ಕೆಳಗೆ, ಭಾರ ಸಮತೂಕವಾಗುವ ಜಾಗದಲ್ಲಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ವ್ಯೂಫೈಂಡರನ್ನು ಹುಬ್ಬಿಗೆ ತಾಗಿಸಿದರೆ ಕ್ಯಾಮೆರಾಕ್ಕೆ ಮೂರನೆಯ ಆಸರೆ ಸಿಗುತ್ತದೆ. ಕನ್ನಡಕದ ನಂಬರು ಬದಲಾಗಿದ್ದರೆ ವ್ಯೂಫೈಂಡರಿನ ಪಕ್ಕದಲ್ಲಿರುವ, ನೋಟವನ್ನು ಕಣ್ಣಿಗೆ ಹೊಂದಿಸುವ ಡಯಾಪ್ಟರ್ ತಿರುಗಣೆಯನ್ನು ಮತ್ತೆ ಹೊಂದಿಸಿಕೊಳ್ಳಿ. ಉಸಿರನ್ನು ಅರ್ಧ ಬಿಟ್ಟು ಗುಂಡಿಯನ್ನು ಮೆಲ್ಲಗೆ ಒತ್ತಿ, ನಾಲ್ಕೈದು ಚಿತ್ರಗಳು ಒಟ್ಟಿಗೆ ಬರಲಿ. ಬೆರಳು ಒತ್ತುವ ಅದುರು ಮೊದಲನೆಯದರಲ್ಲಿ ಸೇರಿಕೊಳ್ಳುವುದರಿಂದ ನಡುವಿನವು ಹೆಚ್ಚಾಗಿ ಚೆನ್ನಾಗಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಹಕ್ಕಿ ಏನಾದರೂ ಮಾಡೀತೆಂದು ಲೆನ್ಸನ್ನು ಎತ್ತಿಹಿಡಿದೇ ಕಾಯಬೇಡಿ. ದಣಿದ ಸ್ನಾಯು ಯಾವ ವಯಸ್ಸಿನಲ್ಲೂ ನಡುಗುತ್ತದೆ.

ದೋಣಿಯ ಅಂಚಿಗೆ ಲೆನ್ಸನ್ನು ಒರಗಿಸಬಾರದು, ಏಕೆಂದರೆ ಹುಟ್ಟು ಹಾಕಿದಾಗಲೆಲ್ಲ ಆ ಅದುರು ನೇರವಾಗಿ ಲೆನ್ಸಿಗೇ ಬರುತ್ತದೆ. ಮೊನೊಪಾಡನ್ನು (ಒಂಟಿ ಕಾಲಿನ ಆಸರೆಯನ್ನು) ಗಿಡ್ಡ ಮಾಡಿ, ಅದರ ಬುಡವನ್ನು ನೀವು ಕುಳಿತ ಹಲಗೆಯ ಮೇಲೆ ತೊಡೆಗಳ ನಡುವೆ ಇಟ್ಟುಕೊಳ್ಳಿ. ಕೊಕ್ಕರೆಬೆಳ್ಳೂರಿನಲ್ಲಿ ಮರದ ಬುಡದಿಂದ ಮೇಲಕ್ಕೆ ಗುರಿಯಿಡುವುದಕ್ಕಿಂತ ದೂರ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತರೆ ತೋಳು ಅಷ್ಟು ಎತ್ತರಕ್ಕೆ ಏಳಬೇಕಾಗಿಲ್ಲ.

ಬಾನಾಡಿ:
ಮೂಲ ತೊಂದರೆ ತೂಕದ್ದು. ನಿಮ್ಮ ಲೆನ್ಸ್ ಸುಮಾರು 2.3 ಕಿಲೋ ಇದೆ. ನಿಕಾನಿನದೇ ಹಗುರವಾದ ಪಿಎಫ್ ಲೆನ್ಸುಗಳಲ್ಲಿ 500 ಎಂಎಂ ಪಿಎಫ್ ಸುಮಾರು 1.46 ಕಿಲೋ, 300 ಎಂಎಂ ಪಿಎಫ್ ಸುಮಾರು 755 ಗ್ರಾಂ. ಹೊಸದು ದುಬಾರಿಯೆನಿಸಿದರೆ ಬಳಸಿದ 300 ಎಂಎಂ ಹುಡುಕಿ. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುವುದರಿಂದ ಡಿಎಕ್ಸ್ ಕ್ಯಾಮೆರಾದಲ್ಲಿ ಅದು ಸಾಕಾಗುತ್ತದೆ. ಇನ್ನೊಂದು ಮಾತು: ನಡುಕ ಇತ್ತೀಚೆಗೆ ಹೆಚ್ಚಾಗಿದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಕಾಫಿ, ಉಬ್ಬಸದ ಔಷಧವಾದ ಸಾಲ್ಬುಟಮಾಲ್ ಇವೆಲ್ಲವೂ ಕೈ ನಡುಗಿಸಬಲ್ಲವು.

ಕಾವೇರಿತೀರ:
ನಿಮಗೆಲ್ಲ ಧನ್ಯವಾದಗಳು. ನಾನು ಸಾಲ್ಬುಟಮಾಲ್ ಇನ್‌ಹೇಲರ್ ಬಳಸುತ್ತೇನೆ, ಇದಕ್ಕೂ ನಡುಕಕ್ಕೂ ನಂಟಿರಬಹುದೆಂದು ತಿಳಿದಿರಲಿಲ್ಲ. ಅದನ್ನು ನಾನಾಗಿಯೇ ನಿಲ್ಲಿಸುವುದಿಲ್ಲ, ವೈದ್ಯರನ್ನು ಕೇಳುತ್ತೇನೆ. ಅಷ್ಟರಲ್ಲಿ 1/1000 ಮತ್ತು ಗಿಡ್ಡ ಮೊನೊಪಾಡಿನೊಂದಿಗೆ ತೆಗೆದು ನೋಡಿ, ಚಿತ್ರಗಳನ್ನು ಇಲ್ಲೇ ಹಾಕುತ್ತೇನೆ.