ಮದುವೆಗೆ ಉದ್ದ ಲಿಮೋಸಿನ್ ಬಾಡಿಗೆಗೆ ತಗೊಳ್ಳಬಹುದಾ? ತುಮಕೂರು ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಬ್ಬರು ನಮ್ಮ ಜೊತೆ ಇದ್ದಾರೆ. ಬಾಡಿಗೆ ಗಾಡಿ, ಮದುವೆ ಗಾಡಿ ಬಗ್ಗೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಕ್ಯಾತ್ಸಂದ್ರದವರು: ಸರ್ ನಮಸ್ಕಾರ. ಪರಿಚಯದವರ ಬಿಳಿ ಬೋರ್ಡ್ ಕಾರನ್ನು ಮದುವೆಗೆ ಬಾಡಿಗೆಗೆ ತಗೊಳ್ಳಬಹುದಾ?

ನಿರೀಕ್ಷಕರು: ನಮಸ್ಕಾರ. ಪ್ರೀತಿಗೆ ಕೊಟ್ಟರೆ ತಗೊಳ್ಳಿ. ದುಡ್ಡು ಕೊಟ್ಟರೆ ಅದು ಬಾಡಿಗೆ, ಬಾಡಿಗೆಗೆ ಪರ್ಮಿಟ್ ಬೇಕು. ಇಲ್ಲದೆ ಓಡಿಸಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಮೋಟಾರು ವಾಹನ ಕಾಯ್ದೆ, ಸೆಕ್ಷನ್ 192ಎ.

ಗುಬ್ಬಿಯವರು: ಸರ್, ತಂಗಿ ಮದುವೆ. ತುಮಕೂರಿನ ಛತ್ರದಿಂದ ದೇವರಾಯನದುರ್ಗ ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬರಬೇಕು. ಒಬ್ಬರು ಲಿಮೋಸಿನ್ ತೋರಿಸಿದ್ದಾರೆ. ಹಳೆ ಸೆಡಾನ್ ಕಾರನ್ನೇ ನಡುವೆ ಕೊಯ್ದು ಉದ್ದ ಮಾಡಿಸಿದ್ದಂತೆ. ಒಳಗೆ ಸೋಫಾ, ಬಣ್ಣದ ಲೈಟು, ಹತ್ತು ಜನ ಕೂರಬಹುದು, ಮಕ್ಕಳಾದರೆ ಇನ್ನೂ ಜಾಸ್ತಿ ಅಂತಾರೆ. ಬಿಳಿ ಬೋರ್ಡು, ಬೇರೆ ರಾಜ್ಯದ ನಂಬರು. ಮುಂಗಡ ಕೊಟ್ಟಾಗಿದೆ. ದಾರಿಯಲ್ಲಿ ಯಾರಾದರೂ ಹಿಡಿಯುತ್ತಾರಾ?

ನಿರೀಕ್ಷಕರು: ಹಿಡಿಯುತ್ತಾರಾ ಅನ್ನೋದು ಆಮೇಲಿನ ಮಾತು. ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿಯುತ್ತದಾ ಅಂತ ಮೊದಲು ಕೇಳಿ.

ಅಮೆರಿಕದಲ್ಲಿ ಹೀಗೆ ಉದ್ದ ಮಾಡೋದಕ್ಕೆ ಹೆಚ್ಚು ಬಳಸುತ್ತಿದ್ದದ್ದು ಲಿಂಕನ್ ಟೌನ್ ಕಾರ್. 2011ರವರೆಗೆ ಬರುತ್ತಿತ್ತು. ಅದಕ್ಕೆ ಲಾರಿಯ ಹಾಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ, ಹಾಗಾಗಿ 120 ಇಂಚು ಸೇರಿಸಿ ಎಂಟೂವರೆ ಮೀಟರ್ ಮಾಡಿದರೂ ಭಾರ ಹೊರುವುದಕ್ಕೆ ಏನೋ ಒಂದು ಇರುತ್ತದೆ. ನಮ್ಮ ಸೆಡಾನ್‌ಗಳಿಗೆ ಚಾಸಿಯೇ ಬೇರೆ ಇಲ್ಲ, ನೆಲ ಮತ್ತು ಬಾಡಿಯೇ ಎಲ್ಲ ಹೊರುವುದು. ಅದನ್ನು ಕೊಯ್ದು ತಗಡು ಸೇರಿಸಿ ವೆಲ್ಡ್ ಮಾಡಿ, ಮೇಲೆ ಸೋಫಾ ಇಟ್ಟು ಹತ್ತು ಜನ ಹತ್ತಿದರೆ, ಐದು ಜನಕ್ಕೆ ಅಂತ ಕೊಟ್ಟ ಬ್ರೇಕೇ ಅಷ್ಟನ್ನೂ ನಿಲ್ಲಿಸಬೇಕು. ಗೋಡೆಗೆ ಒರಗಿಸಿದ ಸೋಫಾಕ್ಕೆ ಬೆಲ್ಟ್ ಇದೆಯಾ? ನೋಡಿ ಹೇಳಿ.

2018ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ರಾಜ್ಯದ ಸ್ಕೋಹರಿಯಲ್ಲಿ ಹೀಗೇ ಉದ್ದ ಮಾಡಿದ 2001ರ ಫೋರ್ಡ್ ಎಕ್ಸ್‌ಕರ್ಷನ್ ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡಿತು. ಹುಟ್ಟುಹಬ್ಬಕ್ಕೆ ಹೊರಟಿದ್ದ 17 ಜನ, ಡ್ರೈವರ್, ಹೊರಗೆ ನಿಂತಿದ್ದ ಇಬ್ಬರು, ಒಟ್ಟು 20 ಜನ ಸತ್ತರು. ಬ್ರೇಕನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ. ನಿಮ್ಮದೂ ಇಳಿಜಾರೇ.

ಇನ್ನೊಂದು. ಚಕ್ರದಿಂದ ಚಕ್ರಕ್ಕೆ ದೂರ ಜಾಸ್ತಿಯಾದಷ್ಟೂ ತಿರುವಿಗೆ ಜಾಗ ಜಾಸ್ತಿ ಬೇಕು, ಹಂಪ್ ಮೇಲೆ ಹೊಟ್ಟೆ ತಾಗುತ್ತದೆ. ದೇವರಾಯನದುರ್ಗದ ತಿರುವಿನಲ್ಲಿ ಎದುರಿಗೆ ಬಸ್ ಬಂದರೆ ರಿವರ್ಸ್ ತಗೊಳ್ಳೋದು ಯಾರು?

ಈಗ ಕಾನೂನು. ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ನೀವು ಮಾಡಬೇಕಾದ್ದು ಇಷ್ಟು: ಆರ್‌ಸಿ ಕೇಳಿ. ಅದರಲ್ಲಿ ಸೀಟಿನ ಸಂಖ್ಯೆ, ವೀಲ್‌ಬೇಸ್ ಇರುತ್ತದೆ. ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. ಬಂದು ಇಲ್ಲಿ ಹಾಕಿ.

ಶಿರಾ ಗೇಟ್ ಟ್ರಾವೆಲ್ಸ್: ಸರ್, ಈ ಬಿಳಿ ಬೋರ್ಡಿನವರಿಂದಲೇ ನಮ್ಮ ಹೊಟ್ಟೆ ಮೇಲೆ ಹೊಡೆತ.

ಕುಣಿಗಲ್‌ನವರು: ಲಗ್ನದ ಸೀಸನ್ನಿನಲ್ಲಿ ನೀವು ರೇಟು ಡಬಲ್ ಮಾಡ್ತೀರಲ್ಲ, ಆಗ ಯಾರ ಹೊಟ್ಟೆ?

ಶಿರಾ ಗೇಟ್ ಟ್ರಾವೆಲ್ಸ್: ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ನೀವು ಕಟ್ಟಿ ನೋಡಿ, ಆಮೇಲೆ ಮಾತಾಡಿ.

ಶೆಟ್ಟಿಹಳ್ಳಿಯವರು: ಎಲ್ಲರ ಗಮನಕ್ಕೆ. ಫಾರ್ವರ್ಡ್ ಬಂದಿದೆ. “ನೂರು ರೂಪಾಯಿ ಛಾಪಾ ಕಾಗದದಲ್ಲಿ ‘ಸ್ನೇಹಿತನ ಕಾರು, ಉಚಿತ’ ಅಂತ ಬರೆಸಿ ನೋಟರಿ ಮಾಡಿಸಿ. ಮದುವೆ ಪತ್ರಿಕೆ ಗಾಜಿಗೆ ಅಂಟಿಸಿ. ಯಾರೂ ಕೇಳುವಂತಿಲ್ಲ. ಹಂಚಿಕೊಳ್ಳಿ.”

ನಿರೀಕ್ಷಕರು: ಹಂಚಬೇಡಿ. ದುಡ್ಡು ಕೊಟ್ಟು ಉಚಿತ ಅಂತ ಬರೆಸಿದರೆ ಅದು ಸುಳ್ಳು ಪ್ರಮಾಣ, ಅಷ್ಟೇ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವ ಹಾಗಿಲ್ಲ ಅಂತ ಬರೆದೇ ಇರುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯೋದು ಅದನ್ನೇ. ಆಗ ನಿಮ್ಮ ಪತ್ರಿಕೆ ತೋರಿಸಿ, ಊಟಕ್ಕೆ ಬರ್ತಾರೆ.

ಶೆಟ್ಟಿಹಳ್ಳಿಯವರು: ನಾನು ಬರೆದದ್ದಲ್ಲ ಸರ್, ಬಂದಿದ್ದನ್ನು ಹಾಕಿದೆ.

ನಿರೀಕ್ಷಕರು: ಅದೇ ನನ್ನ ತಕರಾರು.

ತಿಪಟೂರಿನವರು: ಬಿಳಿ ಬೋರ್ಡ್ ಬಾಡಿಗೆಗೆ ಓಡಿಸಬಹುದಾ ಸರ್?

ನಿರೀಕ್ಷಕರು: ಮೇಲೆ ಓದಿ.

ಮಧುಗಿರಿಯವರು: ತಾತನ ಅಂಬಾಸಡರ್ ಇದೆ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಹಾಕಿಸಿಲ್ಲ. ಮದುವೆಗೆ ತರಬಹುದಾ?

ಬಿ.ಎಚ್. ರಸ್ತೆಯವರು: ಹಳದಿ ಬೋರ್ಡು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಹೂವಿನಲ್ಲಿ ಮುಚ್ಚಿದರೆ? ಹುಡುಗ ಸನ್‌ರೂಫ್‌ನಲ್ಲಿ ನಿಂತು ಬರಬಹುದಾ? ಗಾಜಿಗೆ ಕಪ್ಪು ಫಿಲ್ಮ್?

ನಿರೀಕ್ಷಕರು: ಮುಚ್ಚುವಂತಿಲ್ಲ. ನಿಲ್ಲುವಂತಿಲ್ಲ. ಮುಂದೆ ಹಿಂದೆ ಗಾಜಿನಲ್ಲಿ ನೂರಕ್ಕೆ 70 ಭಾಗ, ಪಕ್ಕದಲ್ಲಿ 50 ಭಾಗ ಬೆಳಕು ಹಾಯಬೇಕು.

ಕುಣಿಗಲ್‌ನವರು: ಎಲ್ಲದಕ್ಕೂ ಇಲ್ಲ ಅಂದ್ರೆ ಮದುವೆ ಯಾಕೆ ಮಾಡ್ಬೇಕು?

ಶಿರಾ ಗೇಟ್ ಟ್ರಾವೆಲ್ಸ್: ಎತ್ತಿನ ಗಾಡಿ ಕಟ್ಕೊಂಡು ಹೋಗಿ.

ಕುಣಿಗಲ್‌ನವರು: ನಿಮ್ಮ ಹಳೇ ಟೆಂಪೋಗಿಂತ ವಾಸಿ. ಹೋದ ಸಲ ಎಸಿ ಅಂತ ದುಡ್ಡು ತಗೊಂಡು ಕಿಟಕಿ ತೆಗೆಸಿದ್ರಿ.

ಶಿರಾ ಗೇಟ್ ಟ್ರಾವೆಲ್ಸ್: ಯಾರ ಗಾಡಿ ಹತ್ತಿದ್ರೋ ಏನೋ. ನನ್ನದಲ್ಲ. ಸುಮ್ನೆ ಹೆಸರು ಕೆಡಿಸಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಪಾವಗಡದವರು: ಬಿಳಿ ಬೋರ್ಡಿಗೆ ಡೀಸೆಲ್ ದುಡ್ಡು ಮಾತ್ರ ಕೊಟ್ರೆ ಬಾಡಿಗೆ ಅಲ್ವಲ್ಲ?

ಗುಬ್ಬಿಯವರು: ಸರ್, ಆರ್‌ಸಿ ಕಳಿಸಿದ. ಸೀಟು 5. ವೀಲ್‌ಬೇಸ್ 2,600 ಮಿಲಿಮೀಟರ್. ಭಾವ ಹೋಗಿ ಅಳೆದರು, ನಾಲ್ಕು ಮೀಟರ್ ದಾಟಿತು. ಬೆಲ್ಟ್ ಇಲ್ಲ. ಕೇಳಿದ್ದಕ್ಕೆ “ಸೋಫಾಕ್ಕೆ ಯಾವ ಬೆಲ್ಟು” ಅಂದನಂತೆ.

ನಿರೀಕ್ಷಕರು: ಅಂದರೆ ಆರ್‌ಸಿಯಲ್ಲಿರುವ ಗಾಡಿಯೇ ಬೇರೆ, ನಿಂತಿರುವ ಗಾಡಿಯೇ ಬೇರೆ. ಮಕ್ಕಳನ್ನು ಅದರಲ್ಲಿ ಕೂರಿಸಬೇಡಿ. ಛತ್ರದ ಮುಂದೆ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತೀವಿ ಅಂತಲೂ ಬೇಡ, ಅಲ್ಲಿಗೆ ಅದು ರಸ್ತೆ ಮೇಲೇ ಬರಬೇಕಲ್ಲ. ಹಳದಿ ಬೋರ್ಡಿನ ಮ್ಯಾಕ್ಸಿಕ್ಯಾಬ್ ಮಾಡಿ. ಡ್ರೈವರ್ ಬಿಟ್ಟು ಹನ್ನೆರಡು ಜನದವರೆಗೆ ಇರುತ್ತದೆ. ನಂಬರ್ ತಗೊಂಡು ಎಂಪರಿವಾಹನ್ ಆ್ಯಪ್‌ನಲ್ಲಿ ಎಫ್‌ಸಿ, ವಿಮೆ ಚಾಲ್ತಿಯಲ್ಲಿದೆಯಾ ನೋಡಿ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು.

ಶಿರಾ ಗೇಟ್ ಟ್ರಾವೆಲ್ಸ್: ನಮ್ಮಲ್ಲಿ ಇದೆ, ಇನ್‌ಬಾಕ್ಸ್‌ಗೆ ಬನ್ನಿ.

ಕುಣಿಗಲ್‌ನವರು: ಬಂತು ನೋಡಿ ಹೊಟ್ಟೆಯ ವಿಷಯ.

ಗುಬ್ಬಿಯವರು: ಮುಂಗಡ ಅರ್ಧ ಮಾತ್ರ ವಾಪಸ್ ಅಂತಿದ್ದಾನೆ ಸರ್.

ನಿರೀಕ್ಷಕರು: ಆರ್‌ಸಿ ಫೋಟೋ, ಟೇಪಿನ ಅಳತೆ ಎರಡೂ ಅವನಿಗೇ ಕಳಿಸಿ, ಪೂರ್ತಿ ಕೇಳಿ. ಫೋನಿನಲ್ಲಿ ಬೇಡ, ಮೆಸೇಜಿನಲ್ಲಿ ಕೇಳಿ.

ಹೆಗ್ಗೆರೆಯವರು: ಸರ್, ಬಿಳಿ ಬೋರ್ಡ್ ಕಾರು...

ಅಡ್ಮಿನ್: ಸರ್ ಆಫ್‌ಲೈನ್ ಹೋದರು. ಕಾಮೆಂಟ್ ಬಂದ್ ಮಾಡ್ತಿದ್ದೀನಿ.