ಪದಚರ್ಚೆ: ಹಳೆಯ ಗೋರಿಗಳನ್ನು ನೋಡಲು ಹೋಗುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ತೆಗೆದ ಹಳೆಯ ಗೋರಿ, ಗದ್ದುಗೆ, ಶಿಲಾಸಮಾಧಿಗಳ ಛಾಯಾಚಿತ್ರಗಳನ್ನು ಒಂದು ಸಣ್ಣ ಪ್ರದರ್ಶನಕ್ಕಾಗಿ ಅಣಿಗೊಳಿಸುತ್ತಿದ್ದೇನೆ. ಚಿತ್ರದ ಕೆಳಗಿನ ಒಕ್ಕಣೆಯನ್ನೂ ಪ್ರದರ್ಶನದ ತಲೆಬರಹವನ್ನೂ ಕನ್ನಡದಲ್ಲಿಯೇ ಬರೆಯಬೇಕೆಂಬುದು ನನ್ನ ಇಚ್ಛೆ. ಒಂದೊಂದು ಚಿತ್ರಕ್ಕೆ ಹೆಸರು ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. ಹೂಳಿದ ಜಾಗವನ್ನು ಹೇಳುವ ಮಾತುಗಳಿಗೆ ನಮ್ಮಲ್ಲಿ ಬರವಿಲ್ಲ. ಕೈ ತಡೆದದ್ದು ತಲೆಬರಹದಲ್ಲಿ. ತನಗೆ ನೆಂಟರೂ ಅಲ್ಲದ, ಗುರುಗಳೂ ಅಲ್ಲದ ಯಾರದೋ ಗೋರಿಯನ್ನು ನೋಡಲೆಂದೇ, ಅದರ ಚಿತ್ರ ತೆಗೆಯಲೆಂದೇ ಹೋಗುವ ಈ ಹವ್ಯಾಸಕ್ಕೆ ಮತ್ತು ಹಾಗೆ ಹೋಗುವವರಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ.

ಇಂಗ್ಲಿಷಿನಲ್ಲಿ ಇಂಥವರನ್ನು ‘ಟ್ಯಾಫೊಫೈಲ್’ ಎನ್ನುತ್ತಾರೆ. ಗೋರಿ ಎಂಬರ್ಥದ ಗ್ರೀಕ್ ಪದಕ್ಕೆ ಪ್ರೀತಿಸುವವನು ಎಂಬರ್ಥದ ಇನ್ನೊಂದನ್ನು ಸೇರಿಸಿ ಮಾಡಿದ ಮಾತು ಅದು. ಅದನ್ನು ಹಾಗೆಯೇ ತಿರುಗಿಸಿ ‘ಸ್ಮಶಾನಪ್ರಿಯ’ ಎಂದರೆ ಕನ್ನಡಿಗರ ಕಿವಿಗೆ ಅದು ಶಿವನ ಹೆಸರಾಗಿ ಕೇಳುತ್ತದೆ, ಇಲ್ಲವೇ ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಹಿಡಿದು ಹೊರಟವನ ಹೆಸರಾಗಿ ಕೇಳುತ್ತದೆ. ‘ಸ್ಮಶಾನಯಾತ್ರೆ’ ಎಂದು ಬರೆದರಂತೂ ಹೆಣದ ಮೆರವಣಿಗೆಯೇ ಕಣ್ಣಮುಂದೆ ಬರುತ್ತದೆ. ‘ಗೋರಿಗಾರ’ ಎಂದರೆ ಗೋರಿ ಕಟ್ಟುವವನು ಅಥವಾ ಕಾಯುವವನು ಎಂದೇ ಯಾರಾದರೂ ತಿಳಿದಾರು. ಸಂಸ್ಕೃತದ ನೆರವಿನಿಂದ ‘ಸಮಾಧಿ ಸಂದರ್ಶನ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಅದು ರಾಜಕಾರಣಿಗಳು ಜಯಂತಿಯ ದಿನ ಹಾರ ಹಾಕಲು ಹೋಗುವುದಕ್ಕೆ ಒಪ್ಪುವ ಮಾತು.

ಪದ ಕಟ್ಟುವ ಮೊದಲು, ಗೋರಿಯ ಬಳಿಗೆ ಹೋಗುವುದಕ್ಕೆ ನಮ್ಮ ಭಾಗದ ಜನ ಈಗಾಗಲೇ ಯಾವ ಮಾತುಗಳನ್ನು ಆಡುತ್ತಾರೆ ಎಂದು ಗಮನಿಸಿದೆ. ಅವು ಎರಡೇ ಬಗೆಯವು ಎಂಬುದು ನನ್ನ ತಿಳಿವಳಿಕೆ.

ಒಂದು, ಸಾವಿನ ದಿನದ ಮಾತುಗಳು. ‘ನಿನ್ನೆ ಮಣ್ಣಿಗೆ ಹೋಗಿದ್ದೆ’ ಎಂದರೆ ನಮ್ಮಲ್ಲಿ ಯಾರೂ ವಿವರಣೆ ಕೇಳುವುದಿಲ್ಲ. ಪರಿಚಿತರು ಯಾರೋ ತೀರಿಕೊಂಡರು, ಕುಣಿ ತೋಡಿ ಹೂಳುವ ತನಕ ಇದ್ದು, ಒಂದು ಹಿಡಿ ಮಣ್ಣು ಹಾಕಿ ಬಂದೆ ಎಂಬುದೆಲ್ಲ ಆ ಎರಡು ಮಾತಿನಲ್ಲಿಯೇ ಅಡಗಿದೆ. ಬಂದವರು ಸ್ನಾನ ಮಾಡಿಯೇ ಒಳಗೆ ಬರಬೇಕು. ಸತ್ತವರಿಲ್ಲದೆ ಮಣ್ಣಿಗೆ ಹೋಗುವುದಿಲ್ಲ. ಆ ಜಾಗಕ್ಕಿರುವ ‘ಸುಡುಗಾಡು’ ಎಂಬ ಹೆಸರೂ ಇದೇ ಭಾವದ್ದು. ಲಿಂಗಾಯತರು ಹೆಣವನ್ನು ಕೂರಿಸಿ ಹೂಳುತ್ತಾರೆ, ಇನ್ನೂ ಹಲವು ಸಮುದಾಯಗಳಲ್ಲಿ ಹೂಳುವುದೇ ವಾಡಿಕೆ. ಆದರೂ ಸುಡುವ ಕಾಡೆಂಬ ಹೆಸರು ಹೂಳುವ ಜಾಗಕ್ಕೂ ನಿಂತುಬಿಟ್ಟಿದೆ. ಕಮಾನಿನ ಮೇಲೆ ‘ರುದ್ರಭೂಮಿ’ ಎಂದು ಬಣ್ಣದಲ್ಲಿ ಬರೆಸಿದರೂ ಊರವರ ಬಾಯಲ್ಲಿ ಅದು ಸುಡುಗಾಡೇ. ಬೇಸರ ಬಂದಾಗ ‘ಅದೇನ್ ಸುಡುಗಾಡೋ’ ಎನ್ನುವಷ್ಟು ಆ ಮಾತು ಬೈಗುಳವಾಗಿಯೂ ಬಳಕೆಯಲ್ಲಿರುವುದರಿಂದ ಪ್ರದರ್ಶನದ ಫಲಕಕ್ಕೆ ಅದನ್ನು ಏರಿಸಲು ನನಗೆ ಮನಸ್ಸಿಲ್ಲ.

ಎರಡನೆಯವು ದರ್ಶನದ ಮಾತುಗಳು. ಕೊಪ್ಪಳದ ಗವಿಮಠಕ್ಕೆ ಹೋದವರು ಗದ್ದುಗೆಯ ದರ್ಶನ ಮಾಡಿ ಬರುತ್ತಾರೆ. ಆನೆಗೊಂದಿಯಲ್ಲಿ ತುಂಗಭದ್ರೆಯನ್ನು ದೋಣಿಯಲ್ಲಿ ದಾಟಿ ನವಬೃಂದಾವನದ ನಡುಗಡ್ಡೆಗೆ ಹೋದವರು ಒಂಬತ್ತು ಯತಿಗಳ ಬೃಂದಾವನಗಳಿಗೆ ಪ್ರದಕ್ಷಿಣೆ ಹಾಕಿ ಬರುತ್ತಾರೆ. 2019ರ ಜುಲೈ ತಿಂಗಳಲ್ಲಿ ಅಲ್ಲಿನ ವ್ಯಾಸರಾಜರ ಬೃಂದಾವನವನ್ನು ಕೆಡವಿದಾಗ ನಾವೆಲ್ಲ ‘ಬೃಂದಾವನ ಒಡೆದರು’ ಎಂದೇ ನೊಂದು ಮಾತಾಡಿದೆವು; ಗೋರಿ ಅಗೆದರು ಎಂಬ ಮಾತು ಯಾರ ಬಾಯಿಂದಲೂ ಹೊರಡುವಂತಿರಲಿಲ್ಲ. ರಾಯಚೂರಿನವರು ಹೊಳೆಯಾಚೆಯ ಮಂತ್ರಾಲಯಕ್ಕೆ ಹೋಗಿಬಂದು ‘ರಾಯರ ಗೋರಿ ನೋಡಿದೆ’ ಎಂದರೆ ಮನೆಯಲ್ಲಿ ಊಟ ಸಿಗಲಾರದು. ದರ್ಗಾಕ್ಕೆ ಹೋದ ಮುಸಲ್ಮಾನರು ಜಿಯಾರತ್ ಮಾಡುತ್ತಾರೆ. ಹಿಂದೂಗಳೂ ಅಲ್ಲಿ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಅಂದರೆ ಹೂಳಿದ ಜಾಗಕ್ಕೆ ಹೋಗುವುದು ನಮ್ಮವರಿಗೆ ಹೊಸದಲ್ಲ, ಹಾಗೆ ಹೋಗಲು ಅಂಜಿಕೆಯೂ ಇಲ್ಲ. ಒಳಗಿರುವವರು ಪೂಜ್ಯರಾದ ಕೂಡಲೇ ಜಾಗದ ಹೆಸರು ಬದಲಾಗುತ್ತದೆ, ಮೈಲಿಗೆ ಕಳೆಯುತ್ತದೆ, ಹೋಗುವ ಕ್ರಿಯೆಗೂ ಬೇರೆ ಮಾತು ಬರುತ್ತದೆ.

ಹಳೆಯ ಕನ್ನಡದಲ್ಲಿಯೂ ಹೀಗೆಯೇ ಇತ್ತು. ಜೈನರಿಗೆ ಮಹಾತೀರ್ಥವಾಗಿದ್ದ ಕೊಪಣವೇ ಇಂದಿನ ಕೊಪ್ಪಳ. ವ್ರತದಿಂದ ದೇಹ ಬಿಟ್ಟವರ ನೆನಪಿನ ತಾಣಕ್ಕೆ ಶಾಸನಗಳಲ್ಲಿ ‘ನಿಸಿದಿ’ ಎಂಬ ಮಾತು ಬಳಕೆಯಾಗಿದೆ. ಕೊಪ್ಪಳದ ಬಂಡೆಯೊಂದರ ಮೇಲೆ ಕೊರೆದ ಜೋಡಿಪಾದಗಳ ಬಳಿ, ಜಟಾಸಿಂಗನಂದಿ ಆಚಾರ್ಯರ ಪದವನ್ನು (ಎಂದರೆ ಪಾದವನ್ನು) ಚಾವಯ್ಯನೆಂಬವನು ಮಾಡಿಸಿದನೆಂದು ಬರೆದಿದೆ. ಸಾವಿನ ಸುದ್ದಿಯೇ ಅಲ್ಲಿಲ್ಲ, ಪಾದದ ಮಾತಷ್ಟೇ ಇದೆ. (ವೀರಗಲ್ಲು, ಮಾಸ್ತಿಕಲ್ಲುಗಳನ್ನು ಪ್ರದರ್ಶನದಿಂದ ಬಿಟ್ಟಿದ್ದೇನೆ, ಅವು ನೆನಪಿನ ಕಲ್ಲುಗಳೇ ಹೊರತು ಹೂಳಿದ ಗುರುತುಗಳಲ್ಲ.)

ಈ ಎರಡೂ ಬಗೆಗೆ ಸೇರದ ಗೋರಿಗಳಿಗೆ ಬಂದಾಗ ನಮ್ಮ ನುಡಿ ಸುಮ್ಮನಾಗುತ್ತದೆ. ಇದನ್ನು ಬಳ್ಳಾರಿ ಕೋಟೆಯ ಪೂರ್ವದ ಬಾಗಿಲ ಬಳಿಯ ಗೋರಿಯ ಕಥೆಯಲ್ಲಿ ಚೆನ್ನಾಗಿ ಕಾಣಬಹುದು. ಹೈದರಾಲಿಗಾಗಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನು, ಎದುರಿನ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆ ಎಂಬುದನ್ನು ಗಮನಿಸಲಿಲ್ಲವೆಂದು ನೇಣಿಗೇರಿಸಲ್ಪಟ್ಟನೆಂದೂ ಅದು ಅವನ ಗೋರಿಯೆಂದೂ ಒಂದು ಪ್ರತೀತಿ. ಅಲ್ಲ, ಅದು ಒಬ್ಬ ಮುಸ್ಲಿಂ ಸಂತರದು ಎಂದು ನಂಬುವವರೂ ಇದ್ದಾರೆ. ಯಾವುದು ನಿಜವೆಂಬುದು ಇಲ್ಲಿ ನನ್ನ ವಿಷಯವಲ್ಲ. ಸಂತರದೆಂದು ನಂಬಿದವರು ಅಲ್ಲಿಗೆ ಜಿಯಾರತ್‌ಗೆ ಹೋಗಬಹುದು. ಎಂಜಿನಿಯರನದೆಂದು ನಂಬಿದ ನಾನು ಅಲ್ಲಿಗೆ ಏನು ಮಾಡಲು ಹೋಗುತ್ತೇನೆ? ಕಲ್ಲು ಅದೇ ಆದರೂ ಒಳಗಿರುವವರು ಯಾರೆಂಬುದರ ಮೇಲೆ ಕ್ರಿಯಾಪದ ಇರುತ್ತದೆ ಅಥವಾ ಇಲ್ಲವಾಗುತ್ತದೆ.

ದಂಡಿನ ಪ್ರದೇಶದ ಗೋರಿಗಳದೂ ಇದೇ ಕಥೆ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯೊಂದಿಗೆ ಬಳ್ಳಾರಿ ಕಂಪನಿಯ ಕೈ ಸೇರಿ ದೊಡ್ಡ ಸೈನಿಕ ಠಾಣೆಯಾಯಿತು. ಆ ಸೀಮೆಯ ಮೊದಲ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡಾಗ ಗುತ್ತಿಯಲ್ಲಿ ಹೂಳಿ, ಆಮೇಲೆ ಅವಶೇಷಗಳನ್ನು ಮದ್ರಾಸಿಗೆ ಒಯ್ದರು. ಅವನಂಥವರಿಗೆ ಚರಿತ್ರೆಯಲ್ಲಿ ಜಾಗವಿದೆ. ಸಿಪಾಯಿಗಳ ಮತ್ತು ಅವರ ಎಳೆಯ ಮಕ್ಕಳ ಹೆಸರು ಉಳಿದಿರುವುದು ಬಹುಪಾಲು ಆ ಕಲ್ಲುಗಳ ಮೇಲೆಯೇ, ಮತ್ತು ನನ್ನನ್ನು ಅಲ್ಲಿಗೆ ಎಳೆಯುವುದೂ ಇದೇ ಸಂಗತಿ. ಹಿರಿಯರು ‘ದೊರೆಗಳ ಗೋರಿ’ ಎನ್ನುವುದನ್ನು ಕೇಳಿದ್ದೇನೆ, ಕ್ರೈಸ್ತ ಗೆಳೆಯರು ‘ಸಿಮೆಟ್ರಿ’ ಎನ್ನುತ್ತಾರೆ. ಎರಡನ್ನೂ ಒಕ್ಕಣೆಯಲ್ಲಿ ಉಳಿಸಿಕೊಂಡಿದ್ದೇನೆ.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಸುಮಾರು 400 ಶಿಲಾರಚನೆಗಳು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವು. ನಾಲ್ಕು ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ, ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದಿರುವ ಇವು ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಭಾಗದ ಇಂಥ ರಚನೆಗಳ ಬಗ್ಗೆ ಬರೆದಿದ್ದನು. ವಿದ್ವಾಂಸರು ಇವನ್ನು ‘ಶಿಲಾಗೋರಿ’, ‘ಬೃಹತ್ ಶಿಲಾಸಮಾಧಿ’ ಎನ್ನುತ್ತಾರೆ. ಗೋರಿ ಎಂಬುದು ಪಾರಸಿಯ ‘ಗೋರ್’ ಎಂಬುದರಿಂದ ಬಂದ ಮಾತಾದ್ದರಿಂದ, ಅದು ಕನ್ನಡಕ್ಕೆ ಬರುವುದಕ್ಕಿಂತ ಸಾವಿರಾರು ವರ್ಷ ಮೊದಲಿನ ಕಲ್ಲುಗಳಿಗೂ ಅದೇ ಹೆಸರು ಅಂಟಿದಂತಾಯಿತು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಊರವರು ಅದನ್ನು ಗೋರಿ ಎನ್ನುವುದೇ ಇಲ್ಲ. ಅವರಿಗದು ‘ಮೋರೇರ ಮನಿ’, ಗುಡ್ಡವೂ ‘ಮೋರೇರ ಗುಡ್ಡ’. ಮೋರ್ಯರೆಂಬ ಕುಳ್ಳ ಜನ ಅಲ್ಲಿ ಬಾಳಿದ್ದರಂತೆ. ಮನೆಯೆಂದು ಕರೆದ ಮೇಲೆ ಮೈಲಿಗೆಯ ಮಾತು ಬರುವುದಿಲ್ಲ, ಹೋಗಿಬಂದವರು ‘ಗುಡ್ಡಕ್ಕ ಹೋಗಿದ್ವಿ’ ಎನ್ನುತ್ತಾರೆ. ಸಮಸ್ಯೆಯನ್ನು ಬಿಡಿಸದೆಯೇ ದಾಟಿಹೋಗುವ ಈ ಜಾಣ್ಮೆ ನನಗೆ ಮೆಚ್ಚುಗೆಯಾದರೂ ತಲೆಬರಹಕ್ಕೆ ಒದಗುವುದಿಲ್ಲ.

ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಈ ಹವ್ಯಾಸಕ್ಕೆ ನೆಲ ಹದವಾದದ್ದು ಗೋರಿಗಳ ಜಾಗವನ್ನೇ ತೋಟದಂತೆ ಕಟ್ಟಿದ ಮೇಲೆ. ಪ್ಯಾರಿಸ್ಸಿನ ಪೇರ್ ಲಾಶೇಸ್ 1804ರಲ್ಲಿ, ಬಾಸ್ಟನ್ ಬಳಿಯ ಮೌಂಟ್ ಆಬರ್ನ್ 1831ರಲ್ಲಿ ತೆರೆದವು. ಸಂಸಾರ ಸಮೇತರಾಗಿ ಜನ ಅಲ್ಲಿ ಅಡ್ಡಾಡಲು ಹೋಗುತ್ತಿದ್ದರು. ಅಂಥ ಅಡ್ಡಾಟ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಮಾತೂ ಹುಟ್ಟಲಿಲ್ಲ ಎಂದು ತೋರುತ್ತದೆ.

ನನ್ನ ಒಲವು ಎಲ್ಲಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಗೋರಿಯ ಚಿತ್ರ ತೆಗೆಯುವವರ ಸಮಯದ ಹೆಚ್ಚಿನ ಪಾಲು ಸವೆದ ಅಕ್ಷರಗಳನ್ನು ಬಿಡಿಸಿಕೊಳ್ಳುವುದರಲ್ಲಿಯೇ ಹೋಗುತ್ತದೆ. ನಡುಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ ಬಟಾಬಯಲಿನಂತೆ ಕಾಣುವ ಕಣಶಿಲೆಯ ಮೇಲೆ, ಎಳೆಬಿಸಿಲು ಅಥವಾ ಇಳಿಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಒಂದು ಅಂಚು ನೆರಳಾಗಿ ಬರಹ ಎದ್ದು ಕಾಣುತ್ತದೆ. ಮರದ ನೆರಳಿನಲ್ಲಿರುವ ಕಲ್ಲಿಗೆ ಕನ್ನಡಿ ಹಿಡಿದು ಬದಿಯಿಂದ ಬೆಳಕು ಹಾಯಿಸಬೇಕು. ಸೀಮೆಸುಣ್ಣ ಅಥವಾ ಹಿಟ್ಟು ತಿಕ್ಕಿ, ತಂತಿಯ ಬ್ರಷ್ಷಿನಿಂದ ಉಜ್ಜಿ ಅಕ್ಷರ ಎಬ್ಬಿಸುವವರಿದ್ದಾರೆ. ಅದು ಕಲ್ಲನ್ನು ಕೊಲ್ಲುವ ಕೆಲಸ. ಇಷ್ಟೆಲ್ಲ ಮಾಡುವುದು ಓದಲಿಕ್ಕಾಗಿಯೇ ಆದ್ದರಿಂದ ‘ಗೋರಿ ಓದು’ ಎಂಬ ತಲೆಬರಹ ನನಗೆ ಹಿಡಿಸಿದೆ. ತೊಡಕೇನೆಂದರೆ, ನಮ್ಮ ಭಾಗದಲ್ಲಿ ಗೋರಿಯ ಮುಂದೆ ‘ಓದುವುದು’, ‘ಓದಿಸುವುದು’ ಎಂದರೆ ಫಾತಿಹಾ ಹೇಳುವುದು, ಸಕ್ಕರೆ ಓದಿಸುವುದು. ಇದು ಗೊಂದಲಕ್ಕೆ ಎಡೆಮಾಡುತ್ತದೆಯೋ, ಅಥವಾ ಅಪರಿಚಿತರ ಗೋರಿಗೂ ಒಂದಿಷ್ಟು ಗೌರವವನ್ನು ತಾನಾಗಿ ತಂದುಕೊಡುತ್ತದೆಯೋ ಎಂಬುದನ್ನು ದರ್ಗಾಗಳ ಒಡನಾಟವಿರುವವರು ಹೇಳಬೇಕು. ‘ಗೋರಿ ನೋಟ’ ಎಂಬುದು ಸರಳವಾಗಿದೆ, ಯಾರಿಗೂ ನೋವಾಗದು, ಆದರೆ ಕೊಂಚ ಸಪ್ಪೆ. ಮಾಡುವವರಿಗೆ ‘ಗೋರಿ ಓದುಗರು’ ಎನ್ನಬಹುದೇ?

ಇದರ ಜೊತೆಗೆ ಎರಡು ಸಣ್ಣ ಕೇಳಿಕೆಗಳು. ಗೋರಿಕಲ್ಲಿನ ಮೇಲಿನ ಬರಹಕ್ಕೆ ‘ಸಮಾಧಿಲೇಖ’ ಎಂಬ ಪುಸ್ತಕದ ಮಾತನ್ನು ಬಿಟ್ಟು ಕಲ್ಲುಕುಟಿಗರಲ್ಲಿ ಬಳಕೆಯಲ್ಲಿರುವ ಬೇರೆ ಮಾತಿದ್ದರೆ ತಿಳಿಸಿರಿ. ಸಿಂಧನೂರು, ಮಾನ್ವಿ, ಮಸ್ಕಿ, ಕುಷ್ಟಗಿ ಕಡೆಯವರು, ಹೂಳುವುದು ನಿಂತುಹೋದ ಹಳೆಯ ಗೋರಿಗಳ ಜಾಗವನ್ನು ಈಗ ಬಳಸುತ್ತಿರುವ ಸುಡುಗಾಡಿನಿಂದ ಬೇರೆ ಮಾಡಿ ಹೇಳುವ ಹೆಸರು ನಿಮ್ಮೂರಿನಲ್ಲಿದ್ದರೆ, ಯಾವ ಸಮುದಾಯದವರು ಹಾಗೆನ್ನುತ್ತಾರೆ ಎಂಬುದನ್ನೂ ಸೇರಿಸಿ, ಆಡುವಾಗ ಹೇಗೆ ಕೇಳುತ್ತದೆಯೋ ಹಾಗೆಯೇ ಬರೆದು ಕಳುಹಿಸಬೇಕೆಂದು ಕೋರುತ್ತೇನೆ.