ಪ್ರಶ್ನೋತ್ತರ: ನೆಟ್ ಕಂಪನಿ ಬದಲಾಯಿಸಿದ್ದೇವೆ, ಹೊಸದು ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

(ಉತ್ತರ ಕೊಡುತ್ತಿರುವವರು ಗುಂಪಿನ ಸದಸ್ಯರೇ ಆದ ಫೈಬರ್ ನೆಟ್‌ವರ್ಕ್ ಎಂಜಿನಿಯರ್. ದಯವಿಟ್ಟು ಯಾವ ಕಂಪನಿ ಒಳ್ಳೆಯದು ಎಂದು ಮಾತ್ರ ಕೇಳಬೇಡಿ. ಬೀದಿ ಬದಲಾದರೆ ಉತ್ತರವೂ ಬದಲಾಗುತ್ತದೆ.)

ಪ್ರಶ್ನೆ (ಮೈಸೂರು, ವಿಜಯನಗರ): ನಮಸ್ಕಾರ ಸರ್. ಇಷ್ಟು ವರ್ಷ ನಮ್ಮ ಬೀದಿಯ ಕೇಬಲ್‌ನವರ 100 ಎಂಬಿಪಿಎಸ್ ಕನೆಕ್ಷನ್ ಇತ್ತು. ಮಳೆ ಬಂದರೆ ನೆಟ್ ಹೋಗೋದು, ಫೋನ್ ಮಾಡಿದರೆ "ಹುಡುಗ ಹೊರಟಿದ್ದಾನೆ ಮೇಡಂ" ಅನ್ನೋರು. ಬೇಸತ್ತು ದೊಡ್ಡ ಕಂಪನಿಯೊಂದರ 200 ಎಂಬಿಪಿಎಸ್ ಫೈಬರ್ ಹಾಕಿಸಿದೆವು. ಹಾಕಲು ಬಂದವನು ತನ್ನ ಮೊಬೈಲಿನಲ್ಲೇ ಸ್ಪೀಡ್ ಟೆಸ್ಟ್ ಮಾಡಿ 210 ತೋರಿಸಿ ಹೋದ. ಮಹಡಿ ಮೇಲಿನ ರೂಮಿನಲ್ಲಿ ಮಾತ್ರ 35 ದಾಟುತ್ತಿಲ್ಲ. ಕೆಳಗೆ ಬಾಕ್ಸ್ ಪಕ್ಕವೇ ಕೂತು ಲ್ಯಾಪ್‌ಟಾಪಿಗೆ ವೈರ್ ಚುಚ್ಚಿದರೂ 93ಕ್ಕೆ ನಿಲ್ಲುತ್ತೆ. ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಇದ್ದರೆ ಮಾತು ತುಂಡುತುಂಡು. "ಹಳೇದೇ ವಾಸಿ, ವಾಪಸ್ ಹೋಗೋಣ" ಅಂತಿದ್ದಾರೆ ಮನೆಯವರು. ಹಳೆಯದರ ಅವಧಿ ತಿಂಗಳ ಕೊನೆವರೆಗೂ ಇದೆ. ಏನು ಮಾಡಲಿ?

ಉತ್ತರ: ಹಳೆಯದನ್ನು ಇನ್ನೂ ಬಿಡಿಸಿಲ್ಲವಲ್ಲ, ಅರ್ಧ ಗೆದ್ದಿರಿ. ಎರಡೂ ಮನೆಯಲ್ಲಿ ಇರುವಾಗಲೇ ಹೋಲಿಸಿ ನೋಡಬೇಕು. ಒಂದು ತಿಂಗಳ ಬಾಡಿಗೆ ದಂಡ ಆಯಿತು ಅಂದುಕೊಳ್ಳಬೇಡಿ.

ಈಗ ನಿಮ್ಮ 93ರ ವಿಷಯ. ಈ ಅಂಕಿ ನೋಡಿದ ಕೂಡಲೇ ನಮ್ಮಂಥವರು ಕಂಪನಿಯನ್ನು ಬಿಟ್ಟು ನಿಮ್ಮ ಕೈಯಲ್ಲಿರುವ ವೈರ್ ನೋಡುತ್ತೇವೆ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ (ವೈರ್ ಚುಚ್ಚುವ ಜಾಗ), ಮಾಹಿತಿಯ ಜೊತೆ ಹೋಗುವ ವಿಳಾಸ ಮುಂತಾದವುಗಳ ಖರ್ಚೆಲ್ಲ ಕಳೆದು ಸಿಗುವುದೇ 93, 94. ಅಂದರೆ ಎಲ್ಲೋ ಒಂದು ಕಡೆ ನಿಮ್ಮ ಲೈನ್ 100ರ ಗೇಟಿಗೆ ಸಿಕ್ಕಿಕೊಂಡಿದೆ. ಬಾಕ್ಸ್‌ನ ಎಲ್ಲ ಪೋರ್ಟ್‌ಗಳೂ ಗಿಗಾಬಿಟ್ (1000 ಎಂಬಿಪಿಎಸ್) ಇರುವುದಿಲ್ಲ, ಕೆಲವದರಲ್ಲಿ ಒಂದೇ ಒಂದು ಇರುತ್ತದೆ. ಲ್ಯಾಪ್‌ಟಾಪ್ ಹಳೆಯದಾದರೆ ಅದರದ್ದೂ 100 ಇರಬಹುದು. ಇಲ್ಲವೇ ವೈರ್. ಆ ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. 100ಕ್ಕೆ ಬೇಡದ ಆ ಎರಡು ಜೋಡಿಯಲ್ಲಿ ಒಂದು ತುಂಡಾದರೆ ನೆಟ್ ನಿಲ್ಲುವುದಿಲ್ಲ, ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕೇಬಲ್ ಮೈಮೇಲೆ "ಕ್ಯಾಟ್ 5ಇ" ಅಥವಾ "ಕ್ಯಾಟ್ 6" ಎಂದು (ಗಿಗಾಬಿಟ್ ಹೊರಬಲ್ಲ ದರ್ಜೆಗಳು) ಅಚ್ಚಾಗಿದೆಯೇ ನೋಡಿ, ಬೇರೆ ವೈರ್ ಹಾಕಿ, ಬೇರೆ ಪೋರ್ಟಿಗೂ ಚುಚ್ಚಿ ನೋಡಿ.

ಇನ್ನೆರಡು ಕೆಲಸ. ಬಾಕ್ಸ್‌ನ ಹಿಂದೆ ಸ್ಟಿಕ್ಕರ್‌ನಲ್ಲಿ ವಿಳಾಸ, ಪಾಸ್‌ವರ್ಡ್ ಇರುತ್ತದೆ (ಹೆಚ್ಚಾಗಿ 192.168.1.1). ಬ್ರೌಸರ್‌ನಲ್ಲಿ ತೆರೆದು, ಆಪ್ಟಿಕಲ್ ಮಾಹಿತಿ ಇರುವ ಪುಟದಲ್ಲಿ "ಆರ್‌ಎಕ್ಸ್ ಪವರ್" (ಫೈಬರ್‌ನಿಂದ ಬಾಕ್ಸಿಗೆ ತಲುಪುವ ಬೆಳಕಿನ ಬಲ) ಎಷ್ಟು ಬರೆದಿದೆ ಹೇಳಿ. ಮತ್ತೆ ರಾತ್ರಿ ಮೀಟಿಂಗ್ ಹೊತ್ತಿಗೆ, ಮಹಡಿ ರೂಮಿನಿಂದಲೇ, ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆದು ಒಂದರಲ್ಲಿ ನಿಮ್ಮ ಬಾಕ್ಸಿಗೇ, ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿರುವ ಗೂಗಲ್ ಸರ್ವರ್) ಪಿಂಗ್ ಬಿಡಿ, ಅಂದರೆ ಸಣ್ಣ ಸಂದೇಶ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ ಎಂಬ ಪರೀಕ್ಷೆ. ಬಾಕ್ಸಿನ ಪಿಂಗೇ ಕುಣಿದರೆ ತಪ್ಪು ವೈಫೈದು. ಅದು ನೆಟ್ಟಗಿದ್ದು ಎರಡನೆಯದು ಮಾತ್ರ ಕುಣಿದರೆ ಲೈನ್‌ದು. ಇದನ್ನು ಬಿಡಿಸಿಕೊಳ್ಳದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಆಫ್ ಮಾಡಿ ಆನ್ ಮಾಡಿ" ಎಂಬ ಮಂತ್ರ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಅದೇ ಸದಸ್ಯೆ: ವೈರ್ ಬದಲಾಯಿಸಿದೆ ಸರ್, 196 ಬಂತು! ಮೊದಲು ಚುಚ್ಚಿದ್ದ ವೈರ್ ಹಳೇ ಕೇಬಲ್‌ನವರು ಬಿಟ್ಟುಹೋಗಿದ್ದು. ಆರ್‌ಎಕ್ಸ್ ಪವರ್ ಮೈನಸ್ 26.4 ಡಿಬಿಎಂ ಅಂತಿದೆ. ರಾತ್ರಿ ಪಿಂಗ್ ಎರಡೂ ಕುಣಿಯುತ್ತೆ, ಬಾಕ್ಸಿನದು ಒಮ್ಮೆ 3, ಒಮ್ಮೆ 180. ಎರಡನೆಯದರಲ್ಲಿ ನಡುನಡುವೆ ಟೈಮ್ಡ್ ಔಟ್. ಹಾಗಾದರೆ ತಪ್ಪು ಯಾರದು?

ಉತ್ತರ: ಲೈನ್‌ದೂ ವೈಫೈದೂ, ಇಬ್ಬರದೂ. ಮೊದಲು ಲೈನ್.

ಮೈನಸ್ 26.4 ಅಂದರೆ ಅಂಚಿನಲ್ಲಿ ನಿಂತಿದ್ದೀರಿ. ಮನೆಗೆ ಬರುವ ಸಾಮಾನ್ಯ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಪದ್ಧತಿ) ಫೈಬರ್‌ನಲ್ಲಿ ಬಾಕ್ಸ್ ಬೆಳಕನ್ನು ಓದಬಲ್ಲದು ಎಂದು ಖಾತರಿ ಇರುವುದು ಮೈನಸ್ 27ರವರೆಗೆ. ಸೊನ್ನೆಗೆ ಹತ್ತಿರ ಬಂದಷ್ಟೂ ಬೆಳಕು ಹೆಚ್ಚು, 3 ಡಿಬಿ ಕುಸಿದರೆ ಅರ್ಧ ಬೆಳಕು ಹೋದಂತೆ. ನಾನಾದರೆ ಮೈನಸ್ 24ಕ್ಕಿಂತ ಕೆಳಗಿನ ಲೈನ್‌ಗೆ ಸಹಿ ಹಾಕುವುದಿಲ್ಲ. ಒಂದು ಫೈಬರನ್ನು 32 ಮನೆಗೆ ಹಂಚುವ ಸ್ಪ್ಲಿಟರ್‌ಗಳಲ್ಲೇ ಸುಮಾರು 17 ಡಿಬಿ ಕರಗುತ್ತದೆ, ಅದು ಲೆಕ್ಕದೊಳಗಿನ ಮಾತು. ಅದಕ್ಕೂ ಮೇಲೆ ಕಳೆದುಹೋಗುವುದು ಕೊಳೆ ಕೂತ ಕನೆಕ್ಟರ್‌ನಲ್ಲಿ, ಕೆಟ್ಟ ಜೋಡಣೆಯಲ್ಲಿ, ಮಡಚಿದ ವೈರಿನಲ್ಲಿ. ಫೈಬರ್ ವೈರ್ ಮನೆಯೊಳಗೆ ಬರುವ ಜಾಗ ನೋಡಿ. ನಮ್ಮಲ್ಲಿ ಗೋಡೆ ಕೊರೆಯಲು ಮನೆ ಮಾಲೀಕರು ಬಿಡುವುದಿಲ್ಲ, ಕಿಟಕಿಯ ಸಂದಿಯಲ್ಲಿ ತೂರಿಸುತ್ತಾರೆ, ಆಮೇಲೆ ಕಿಟಕಿ ಮುಚ್ಚುತ್ತಾರೆ. ಒಳಗಿರುವುದು ಕೂದಲೆಳೆಯಂಥ ಗಾಜು. ತೀರಾ ಸಣ್ಣ ಸುತ್ತಿಗೆ ಬಗ್ಗಿಸಿದರೆ ಬೆಳಕು ಅಲ್ಲೇ ಹೊರಗೆ ಸೋರುತ್ತದೆ.

"ನೆಟ್ ನಿಧಾನ" ಎಂದು ದೂರು ಕೊಡಬೇಡಿ. "ಆಪ್ಟಿಕಲ್ ಪವರ್ ಮೈನಸ್ 26.4 ಇದೆ, ಪ್ಯಾಕೆಟ್ ಬೀಳುತ್ತಿವೆ, ಲೈನ್ ಸರಿ ಮಾಡಿಸಿ" ಎನ್ನಿ (ಆ ಟೈಮ್ಡ್ ಔಟ್‌ಗಳೇ ಪ್ಯಾಕೆಟ್ ಬೀಳುವುದು), ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತಗೊಳ್ಳಿ. ಆ ಮೇಲೆ ಕಳಿಸುವ ಮನುಷ್ಯನೇ ಬೇರೆ, ಪವರ್ ಮೀಟರ್ ಹಿಡಿದವನು ಬರುತ್ತಾನೆ.

ವೈಫೈ ಮಾತು ಅದಾದ ಮೇಲೆ. ಬಾಕ್ಸ್ ಎಲ್ಲಿಟ್ಟಿದ್ದಾನೆ?

ಅದೇ ಸದಸ್ಯೆ: ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡ್ ಮೇಲೆ. ವೈರ್ ನೀವು ಹೇಳಿದ ಹಾಗೆ ಸ್ಲೈಡಿಂಗ್ ಕಿಟಕಿ ಹಳಿಯಲ್ಲೇ ನುಗ್ಗಿ ಬಂದಿದೆ. ನೀವು ಮನೆ ನೋಡಿದ್ದೀರಾ ಅಂತ ನಮ್ಮತ್ತೆ ಕೇಳ್ತಿದ್ದಾರೆ 😄

ಉತ್ತರ: ಎಲ್ಲರ ಮನೆಯಲ್ಲೂ ಅಲ್ಲೇ ಅಮ್ಮಾ! ವೈರ್ ಉಳಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಮೆಟ್ಟಿಲಿನ ಕಬ್ಬಿಣ ಮತ್ತು ಒಂದು ಆರ್‌ಸಿಸಿ ಸ್ಲ್ಯಾಬ್ ದಾಟಿ ವೈಫೈನ ವೇಗದ ಅಲೆ, 5 ಗಿಗಾಹರ್ಟ್ಸ್, ಮಹಡಿಗೆ ಹತ್ತುವುದು ಕಷ್ಟ. ನಿಮ್ಮ ಲ್ಯಾಪ್‌ಟಾಪ್ ನಿಧಾನದ 2.4 ಗಿಗಾಹರ್ಟ್ಸ್‌ಗೆ ಇಳಿದಿರುತ್ತದೆ, ಅಲ್ಲಿ ಒಂದಕ್ಕೊಂದು ತಗಲದ ಚಾನೆಲ್ ಮೂರೇ: 1, 6, 11. ರಾತ್ರಿ ಅಕ್ಕಪಕ್ಕದವರ ವೈಫೈ ಎಲ್ಲ ಅಲ್ಲೇ ಕಿತ್ತಾಡುತ್ತಿರುತ್ತವೆ. ಲೈನ್ ಸರಿ ಮಾಡಲು ಬಂದವನ ಹತ್ತಿರವೇ ಬಾಕ್ಸನ್ನು ಹಾಲ್‌ಗೆ ಎತ್ತಿ ಇಡಿಸಿ. ಮಹಡಿಗೆ ಒಂದು ಕ್ಯಾಟ್ 6 ಎಳೆಸಿ, ಅದರ ತುದಿಗೆ ಸಾಧಾರಣ ಬೆಲೆಯ ಆಕ್ಸೆಸ್ ಪಾಯಿಂಟ್ (ಅಲ್ಲಿಂದ ವೈಫೈ ಹರಡುವ ಸಣ್ಣ ಬಾಕ್ಸ್) ಹಾಕಿ. ಪ್ಲಗ್ಗಿಗೆ ಚುಚ್ಚುವ ರಿಪೀಟರ್ ಬೇಡ, ಅದು ಕೆಟ್ಟ ಸಿಗ್ನಲ್ಲನ್ನೇ ಇನ್ನೊಮ್ಮೆ ಹೇಳುತ್ತದೆ.

ಒಂದು ಪ್ರಶ್ನೆ, ರಾತ್ರಿ ಯಾರಾದರೂ ಫೋಟೋ ಬ್ಯಾಕಪ್ ಬಿಡುತ್ತಾರಾ? ಅಪ್‌ಲೋಡ್ ತುಂಬಿದರೆ ಮೀಟಿಂಗ್‌ನ ಮಾತು ಹಿಂದೆ ಸಿಕ್ಕಿಕೊಳ್ಳುತ್ತದೆ, ಗಲ್ಲಿಯಲ್ಲಿ ಮರಳಿನ ಲಾರಿ ಅಡ್ಡ ನಿಂತಾಗ ಸ್ಕೂಟರ್‌ಗೂ ದಾರಿ ಇಲ್ಲದ ಹಾಗೆ. ವೀಡಿಯೊ ಕಾಲ್‌ಗೆ ಬೇಕಾಗಿರುವುದು 4 ಎಂಬಿಪಿಎಸ್ ಆಸುಪಾಸು ಅಷ್ಟೇ. ಅದು ತಡವಿಲ್ಲದೆ ಹೋಗಬೇಕು, ಅದೇ ಮುಖ್ಯ.

ಪ್ರಶ್ನೆ (ಬೆಂಗಳೂರು, ಬನಶಂಕರಿ): ಇದರ ನಡುವೆ ನನ್ನದೊಂದು. ಸ್ಪೀಡ್ ಟೆಸ್ಟ್‌ನಲ್ಲಿ 300 ಪೂರ್ತಿ ತೋರಿಸುತ್ತೆ, ಆದರೆ ಸಿನಿಮಾ ಡೌನ್‌ಲೋಡ್ 37ಕ್ಕೆ ನಿಲ್ಲುತ್ತೆ. ಮೋಸ ಅಲ್ವಾ?

ಉತ್ತರ: ಅಲ್ಲ. ಕಂಪನಿ ಮಾರುವುದು ಮೆಗಾಬಿಟ್, ಡೌನ್‌ಲೋಡ್ ತೋರಿಸುವುದು ಮೆಗಾಬೈಟ್. 300ನ್ನು 8ರಿಂದ ಭಾಗಿಸಿ, 37.5. ನಿಮಗೆ ಪೈಸೆ ಬಿಡದೆ ಕೊಡುತ್ತಿದ್ದಾರೆ.

ಆದರೆ ಸ್ಪೀಡ್ ಟೆಸ್ಟನ್ನೂ ಪೂರ್ತಿ ನಂಬಬೇಡಿ. ಅದು ತಾನಾಗಿ ಆರಿಸುವ ಸರ್ವರ್ ಹಲವು ಸಲ ನಿಮ್ಮದೇ ಕಂಪನಿಯ ಒಳಗೇ ಇರುತ್ತದೆ. ಟ್ರಾಫಿಕ್ ಅವರ ಕಾಂಪೌಂಡ್ ದಾಟಿಯೇ ಇರುವುದಿಲ್ಲ. ಕೈಯಾರೆ ಮುಂಬೈ ಅಥವಾ ಚೆನ್ನೈನಲ್ಲಿರುವ ಬೇರೆ ಕಂಪನಿಯ ಸರ್ವರ್ ಆರಿಸಿ, ರಾತ್ರಿ ಎಂಟರಿಂದ ಹತ್ತರೊಳಗೆ ನೋಡಿ. ಭಾನುವಾರ ರಾತ್ರಿಯಾದರೆ ಇನ್ನೂ ವಾಸಿ. ಜಿಪಾನ್‌ನ ಒಂದು ಫೈಬರಿನ ಡೌನ್‌ಲೋಡ್ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ ಅದರರ್ಧ, ಅದನ್ನೇ 32 ಅಥವಾ 64 ಮನೆ ಹಂಚಿಕೊಳ್ಳುತ್ತವೆ. ಎಲ್ಲರೂ ಒಟ್ಟಿಗೆ ಎಳೆಯುವ ಹೊತ್ತಿನಲ್ಲಿ ಏನು ಸಿಗುತ್ತದೆ ಎಂಬುದೇ ನೀವು ಕೊಂಡ ಮಾಲು. ಮಧ್ಯಾಹ್ನ ಸಿಗುವುದು ಸ್ಯಾಂಪಲ್.

ಪ್ರಶ್ನೆ (ಬೆಂಗಳೂರು, ಜೆ.ಪಿ. ನಗರ): ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕರೆಂಟ್ ಹೋದರೆ ನೆಟ್ ಹೋಗುತ್ತೆ, ನನ್ನ ರೂಟರ್‌ಗೆ ಯುಪಿಎಸ್ ಇದ್ದರೂ. ಹೊಸ ಕಂಪನಿಗೆ ಹೋದರೆ ಸರಿ ಹೋಗುತ್ತಾ?

ಉತ್ತರ: ಮನೆಯೊಳಗೆ ಬರುವ ವೈರ್ ಯಾವುದು ನೋಡಿ. ದಪ್ಪ ಪ್ಲಾಸ್ಟಿಕ್ ಕ್ಲಿಪ್ ಇರುವ ಲ್ಯಾನ್ ಕೇಬಲ್ಲೇ ನೇರವಾಗಿ ಬಂದಿದ್ದರೆ, ಫೈಬರ್ ನಿಮ್ಮ ಕಟ್ಟಡದ ಬೇಸ್‌ಮೆಂಟ್‌ವರೆಗೆ ಮಾತ್ರ. ಅಲ್ಲೊಂದು ಸ್ವಿಚ್ ಪೆಟ್ಟಿಗೆ ಕೂತಿದೆ, ಕಾಮನ್ ಕರೆಂಟ್ ಹೋದರೆ ಅದೂ ಮಲಗುತ್ತದೆ. ಬೆಂಗಳೂರಿನಲ್ಲಿ ಹೀಗೆ ಹಾಕಿದ "ಫೈಬರ್" ಬೇಕಾದಷ್ಟಿದೆ. ಮನೆಯವರೆಗೂ ಫೈಬರ್ ಇರುವ ಜಿಪಾನ್‌ನಲ್ಲಿ ಕಂಬದ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಕಂಪನಿಯ ಕಡೆ ಒಂದು ತುದಿ, ನಿಮ್ಮ ಬಾಕ್ಸ್ ಇನ್ನೊಂದು ತುದಿ, ಅಷ್ಟಕ್ಕೇ ಕರೆಂಟ್. ಬಾಕ್ಸಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು, ಅಡಾಪ್ಟರ್ ಮೇಲೆ ಬರೆದಿರುವ ಆಂಪಿಯರ್ ನೋಡಿಯೇ ತಗೊಳ್ಳಿ. ಹೊಸಬರನ್ನು ಕೇಳಬೇಕಾದ ಮೊದಲ ಪ್ರಶ್ನೆ ಸ್ಪೀಡ್ ಅಲ್ಲ, "ಗಾಜಿನ ವೈರ್ ನನ್ನ ಬಾಗಿಲೊಳಗೆ ಬರುತ್ತಾ?"

ಪ್ರಶ್ನೆ (ಹುಬ್ಬಳ್ಳಿ): ಕಂಪನಿ ಬದಲಿಸಿದ ಮ್ಯಾಲ ತೋಟದ ಮನಿ ಸಿಸಿಟಿವಿ ಮೊಬೈಲಿನ್ಯಾಗ ಕಾಣವಲ್ದು. ಡಿವಿಆರ್ (ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿ) ಹಾಕಿದಾಂವ ನೆಟ್‌ನವ್ರನ್ನ ಕೇಳ್ರಿ ಅಂತಾನ, ನೆಟ್‌ನವ್ರು ಅವನ್ನ ಕೇಳ್ರಿ ಅಂತಾರ.

ಉತ್ತರ: ಬಾಕ್ಸ್‌ನ ಪುಟದಲ್ಲಿ ವ್ಯಾನ್ ಐಪಿ (ಕಂಪನಿ ನಿಮ್ಮ ಬಾಕ್ಸಿಗೆ ಕೊಟ್ಟ ವಿಳಾಸ) ನೋಡಿರಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಹೊರವಿಳಾಸವನ್ನು ಬಹಳ ಮನೆಗಳಿಗೆ ಹಂಚಿದ್ದಾರೆ, ಹೊರಗಿನಿಂದ ನಿಮ್ಮ ಡಿವಿಆರ್‌ಗೆ ಬರಲು ದಾರಿ ಇಲ್ಲ. ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಡಿವಿಆರ್‌ಗೆ ಕಳಿಸುವ ಸೆಟ್ಟಿಂಗ್) ಮಾಡಿ ಸುಸ್ತಾಗಬೇಡಿ. ಡಿವಿಆರ್ ಕಂಪನಿಯದೇ ಕ್ಲೌಡ್ ಆ್ಯಪ್ ಇದ್ದರೆ ಅದರಲ್ಲಿ ಸೇರಿಸಿ, ಇಲ್ಲದಿದ್ದರೆ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ, ಅದಕ್ಕೆ ದುಡ್ಡು ಬೇರೆ.

ಪ್ರಶ್ನೆ (ತೀರ್ಥಹಳ್ಳಿ ಹತ್ತಿರ): ನಮ್ಮ ಕಡೆ ಬಿಎಸ್‌ಎನ್‌ಎಲ್ ಫೈಬರ್ ಬಿಟ್ಟರೆ ಟವರ್‌ನಿಂದ ಬರುವ 5ಜಿ ಏರ್‌ಫೈಬರ್ ಇದೆ ಅಂತಾರೆ. ಬದಲಾಯಿಸಲೇ?

ಉತ್ತರ: ಏರ್‌ಫೈಬರ್ ಹೆಸರಿನಲ್ಲಿ ಮಾತ್ರ ಫೈಬರ್. ಚಾವಣಿಯ ಆಂಟೆನಾದಿಂದ ಟವರ್‌ಗೆ ರೇಡಿಯೊ. ನಡುವೆ ಅಡಕೆ ತೋಟವೋ ಗುಡ್ಡವೋ ಬಂದರೆ, ಊರ ಮೊಬೈಲ್‌ಗಳೆಲ್ಲ ಸಂಜೆ ಅದೇ ಟವರ್‌ಗೆ ಜೋತುಬಿದ್ದರೆ ಸ್ಪೀಡ್ ಏರಿಳಿಯುತ್ತದೆ. ಬಿಎಸ್‌ಎನ್‌ಎಲ್ ಫೈಬರನ್ನು ಹಳ್ಳಿಗಳಲ್ಲಿ ಹೆಚ್ಚಾಗಿ ನಡೆಸುವುದು ಸ್ಥಳೀಯ ಪಾಲುದಾರರು. ಮಳೆಗಾಲದಲ್ಲಿ ಮರ ಬಿದ್ದು ವೈರ್ ಹರಿದರೆ ಏಣಿ ಹೊತ್ತು ಬರುವ ಹುಡುಗ ನಿಮ್ಮೂರಲ್ಲೇ ಇದ್ದಾನೆ, ಫೋನ್ ಎತ್ತುತ್ತಾನೆ ಎಂದಾದರೆ ಅವನನ್ನು ಬಿಡಬೇಡಿ. ಮಲೆನಾಡಿನ ಮಟ್ಟಿಗೆ ನಾನು ಪ್ಲಾನ್ ನೋಡಿ ನೆಟ್ ಆರಿಸುವುದಿಲ್ಲ, ರಿಪೇರಿ ಮಾಡುವವನನ್ನು ನೋಡಿ ಆರಿಸುತ್ತೇನೆ. ಆದರೂ ಏರ್‌ಫೈಬರ್ ಬೇಕೆನಿಸಿದರೆ ಆಷಾಢದ ಮಳೆಯಲ್ಲೇ ಯಾರ ಮನೆಯಲ್ಲಾದರೂ ನೋಡಿ ಬನ್ನಿ.

ಪ್ರಶ್ನೆ (ಬೆಂಗಳೂರು, ಮಲ್ಲೇಶ್ವರ): 12 ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ಇನ್‌ಸ್ಟಲೇಶನ್ ಫ್ರೀ ಅಂತಾರೆ. ಹಳೇ ಲ್ಯಾಂಡ್‌ಲೈನ್ ನಂಬರ್ ಉಳಿಸಿಕೊಳ್ಳಬಹುದಾ?

ಉತ್ತರ: ಮೊದಲ ಸಲಕ್ಕೆ ತಿಂಗಳ ಲೆಕ್ಕದಲ್ಲೇ ತಗೊಳ್ಳಿ, ಇನ್‌ಸ್ಟಲೇಶನ್ ದುಡ್ಡು ಕೊಟ್ಟಾದರೂ. ವರ್ಷದ ದುಡ್ಡು ಕೈ ಸೇರಿದ ಮೇಲೆ ನಿಮ್ಮ ದೂರಿಗೆ ಆ ಅವಸರ ಇರುವುದಿಲ್ಲ. ಜಾಹೀರಾತಿನ 999ಕ್ಕೆ 18% ಜಿಎಸ್‌ಟಿ ಸೇರಿ 1,179 ಆಗುತ್ತದೆ, ಅದನ್ನೇ ಹೋಲಿಸಿ. "ಅನ್‌ಲಿಮಿಟೆಡ್" ಎಂದರೆ ಹಲವೆಡೆ ತಿಂಗಳಿಗೆ 3,300 ಜಿಬಿ ಮಿತಿ. ಗಂಟೆಗೆ 7 ಜಿಬಿ ಕುಡಿಯುವ 4ಕೆ ಸಿನಿಮಾ ದಿನಕ್ಕೆ ಹದಿನಾರು ಗಂಟೆ ನೋಡಿದರೆ ಮುಟ್ಟೀತು, ತಲೆ ಕೆಡಿಸಿಕೊಳ್ಳಬೇಡಿ.

ಲ್ಯಾಂಡ್‌ಲೈನ್ ನಂಬರ್ ಕಂಪನಿ ದಾಟಿ ಬರುವುದಿಲ್ಲ. ನಂಬರ್ ಪೋರ್ಟಬಿಲಿಟಿ ದೇಶಾದ್ಯಂತ ಬಂದದ್ದು 2011ರ ಜನವರಿಯಲ್ಲಿ, ಅದು ಮೊಬೈಲ್‌ಗೆ ಮಾತ್ರ. ಬ್ಯಾಂಕ್, ಗ್ಯಾಸ್, ವಿಮೆಯವರ ಹತ್ತಿರ ಹಳೇ ನಂಬರ್ ಇದ್ದರೆ ಬಿಡಿಸುವ ಮೊದಲೇ ಬದಲಾಯಿಸಿಕೊಳ್ಳಿ.

ವಿಜಯನಗರದ ಸದಸ್ಯೆ: ಸರ್, ಮೀಟರ್ ಹಿಡಿದವನೇ ಬಂದ. ಕಿಟಕಿಯಿಂದ ವೈರ್ ತೆಗೆದು ಗೋಡೆಯಲ್ಲಿ ತೂತು ಹಾಕಿ ತಂದ, ಕಂಬದ ಡಬ್ಬಿಯಲ್ಲೂ ಏನೋ ಒರೆಸಿದ. ಈಗ ಮೈನಸ್ 20.8. ಬಾಕ್ಸ್ ಹಾಲ್‌ಗೆ ಬಂತು, ಮಹಡಿಗೆ ಕ್ಯಾಟ್ 6 ಹೋಯಿತು. ನಿನ್ನೆ ರಾತ್ರಿ ಪಿಂಗ್ 8.8.8.8ಕ್ಕೆ 14–18, ಒಂದೂ ಬೀಳಲಿಲ್ಲ. ಹಳೆಯದನ್ನು ಬಿಡಿಸಲೇ? ಅವರ ಹತ್ತಿರ ಡೆಪಾಸಿಟ್ ಇದೆ.

ಉತ್ತರ: ಇನ್ನೊಂದು ಜೋರು ಮಳೆ ಆಗಲಿ, ಆಮೇಲೆ ಬಿಡಿಸಿ. ಹಾಗೇ ಬಾಕಿ ಬಿಟ್ಟು ಸುಮ್ಮನಾಗಬೇಡಿ, ಕೆಲವರು ಬಿಲ್ ಬೆಳೆಸುತ್ತಾ ಹೋಗುತ್ತಾರೆ. ಇಮೇಲ್‌ನಲ್ಲಿ ಬರೆದು ಡಾಕೆಟ್ ನಂಬರ್ ತಗೊಳ್ಳಿ. ಅವರ ಬಾಕ್ಸ್ ಕೊಡುವಾಗ ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆಯಿರಿ, ಅಡಾಪ್ಟರನ್ನೂ ಸೇರಿಸಿ ಕೊಟ್ಟು ರಸೀದಿ ಕೇಳಿ. ಅಡಾಪ್ಟರ್ ಇಲ್ಲ ಎಂದು ಡೆಪಾಸಿಟ್‌ನಲ್ಲಿ ಕತ್ತರಿ ಹಾಕುವುದುಂಟು. ದುಡ್ಡು ಬರದಿದ್ದರೆ ಅದೇ ಡಾಕೆಟ್ ಹಿಡಿದು ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೆಯಿರಿ, ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಪ್ರತಿ ಕಂಪನಿಯೂ ಅದನ್ನು ಇಟ್ಟಿರಬೇಕು. ಅಲ್ಲಿಗೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.